ಪಾಸ್‌ವರ್ಡ್‌ಗೆ ಧಾತು ಆರಿಸುವುದು ನೀವಲ್ಲ, ಹೌಸಿ ಡಬ್ಬಿ

ಪಿಯುಸಿಯಲ್ಲಿ ಸೈನ್ಸ್ ಓದಿದವರ ಪಾಸ್‌ವರ್ಡ್ ನೋಡಬೇಕು. ಎಚ್2ಎಸ್‌ಒ4, ಅದರ ಹಿಂದೆ ಒಂದು ಅಟ್ ಚಿಹ್ನೆ, ಕೊನೆಗೆ ಹುಟ್ಟಿದ ವರ್ಷ. ಪಾಸ್‌ವರ್ಡ್ ಎಷ್ಟು ಗಟ್ಟಿ ಅಂತ ತೋರಿಸುವ ಪಕ್ಕದ ಮೀಟರ್ ಹಸಿರಾಗುತ್ತದೆ, ಇವರಿಗೂ ಖುಷಿ. ಅಂಥ ಎಷ್ಟೋ ಮೀಟರ್‌ಗಳು ದೊಡ್ಡಕ್ಷರ, ಅಂಕಿ, ಚಿಹ್ನೆ ಇದೆಯಾ ಅಂತಷ್ಟೇ ನೋಡುತ್ತವೆ. ಸಲ್ಫ್ಯೂರಿಕ್ ಆ್ಯಸಿಡ್‌ನ ಫಾರ್ಮುಲಾ ನಿಮಗೆ ಗೊತ್ತಿದ್ದರೆ ಕಳ್ಳನಿಗೂ ಗೊತ್ತಿರುತ್ತದೆ ಅಲ್ವಾ?

ಫಾರ್ಮುಲಾ ಬಿಡಿ, ಧಾತು ಹಿಡಿಯಿರಿ. ಒಂದು ಪೀರಿಯಾಡಿಕ್ ಟೇಬಲ್ ಬೇಕು. ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಕೇಳಿ, ಇಲ್ಲವೇ ಮಕ್ಕಳ ಪಿಯುಸಿ ಕೆಮಿಸ್ಟ್ರಿ ಪುಸ್ತಕ ಸಾಕು. ಜೊತೆಗೆ ಹೌಸಿ ಆಡುವ ಡಬ್ಬಿ. ಅದರಲ್ಲಿ 1ರಿಂದ 90ರವರೆಗೆ ನಂಬರ್ ಇರುತ್ತವೆ, ಟೇಬಲ್‌ನ ಪರಮಾಣು ಸಂಖ್ಯೆಗೆ ಹೊಂದಿಸಿದರೆ ಹೈಡ್ರೋಜನ್‌ನಿಂದ ಥೋರಿಯಂ ತನಕ. ಟೇಬಲ್‌ನಲ್ಲಿ ಒಟ್ಟು 118 ಇವೆ, ಉಳಿದ 28 ಬಿಟ್ಟರೆ ಪರವಾಗಿಲ್ಲ.

ಡಬ್ಬಿ ಅಲ್ಲಾಡಿಸಿ, ಒಂದು ನಂಬರ್ ತೆಗೆದು ಬರೆದುಕೊಳ್ಳಿ, ವಾಪಸ್ ಹಾಕಿ. ಎಂಟು ಸಲ.

ಜನ ಎಡವುವುದು ಇಲ್ಲೇ. 59 ಬಂತು ಅಂದುಕೊಳ್ಳಿ, ಪ್ರೇಸಿಯೋಡಿಮಿಯಂ. 'ಅಯ್ಯೋ, ಇದು ಯಾರಿಗೆ ನೆನಪಿರುತ್ತೆ' ಅಂತ ಅದನ್ನು ಲೆಕ್ಕಕ್ಕೇ ಹಿಡಿಯದೆ ಮತ್ತೊಂದು ತೆಗೆಯುತ್ತಾರೆ, ಅದೂ ಹಿಡಿಸದಿದ್ದರೆ ಇನ್ನೊಂದು, ಹೀಗೇ ಚಿನ್ನ, ಬೆಳ್ಳಿ, ಕಬ್ಬಿಣ ಬರುವ ತನಕ. ದಯವಿಟ್ಟು ಬೇಡ. 90ರಿಂದ ಎಂಟು ಸಲ ತೆಗೆದರೆ ಸುಮಾರು 4,300 ಲಕ್ಷ ಕೋಟಿ ಸಾಲುಗಳು ಸಾಧ್ಯ. ಪರಿಚಯದ 30 ಧಾತುಗಳನ್ನಷ್ಟೇ ಇಟ್ಟುಕೊಂಡರೆ ಅದು ಸುಮಾರು 65,600 ಕೋಟಿಗೆ ಇಳಿಯುತ್ತದೆ. ಕಳ್ಳನ ಕೆಲಸ ಆರೂವರೆ ಸಾವಿರ ಪಟ್ಟು ಸಲೀಸಾಯಿತು. ಬಂದದ್ದನ್ನು ಇಟ್ಟುಕೊಳ್ಳಿ. ಪ್ರೇಸಿಯೋಡಿಮಿಯಂ ಗಾಜು ಊದುವವರ ಕನ್ನಡಕದಲ್ಲಿರುತ್ತದೆ, ಆ ಕನ್ನಡಕ ನೆನಪಿಟ್ಟರೆ ಆಯಿತು.

ಈಗ ಕಥೆ ಕಟ್ಟಬೇಕು. 47, 60, 82, 6, 53, 74, 19, 90 ಬಂದಿವೆ ಅನ್ನೋಣ. ಚಿಕ್ಕಪೇಟೆಯಲ್ಲೊಂದು ಬೆಳ್ಳಿ ಅಂಗಡಿ. ಅಂಗಡಿಯವನ ಕಿವಿಯಲ್ಲಿ ಇಯರ್‌ಫೋನ್, ಅದರ ಮ್ಯಾಗ್ನೆಟ್‌ನಲ್ಲಿ ನಿಯೋಡಿಮಿಯಂ. ಕೂತಿರುವುದು ಇನ್ವರ್ಟರ್ ಬ್ಯಾಟರಿ ಮೇಲೆ, ಅದು ಸೀಸ. ಪೆನ್ಸಿಲ್‌ನಿಂದ ಉಪ್ಪಿನ ಪ್ಯಾಕೆಟ್ ಮೇಲೆ ಲೆಕ್ಕ ಬರೆಯುತ್ತಿದ್ದಾನೆ: ಕಡ್ಡಿ ಕಾರ್ಬನ್, ಉಪ್ಪಿನಲ್ಲಿ ಅಯೋಡಿನ್. ತಲೆ ಮೇಲೆ ಟಂಗ್‌ಸ್ಟನ್ ತಂತಿಯ ಹಳೇ ಬಲ್ಬ್, ಅದರ ಪಕ್ಕ ನೇತಾಡುವ ಬಾಳೆಗೊನೆ ಪೊಟ್ಯಾಸಿಯಂಗೆ. ಕರೆಂಟ್ ಹೋಯಿತು, ಪೆಟ್ರೋಮ್ಯಾಕ್ಸ್ ಹಚ್ಚಿದ. ಹಿಂದೆ ಅದರ ಮ್ಯಾಂಟಲ್‌ಗೆ ಥೋರಿಯಂ ಹಾಕುತ್ತಿದ್ದರು. ಕಥೆ ಎಷ್ಟು ತಲೆಕೆಟ್ಟದ್ದಾಗಿದ್ದರೆ ಅಷ್ಟು ಒಳ್ಳೆಯದು.

ಸಂಕೇತಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆಯಿರಿ: ಎಜಿ, ಎನ್‌ಡಿ, ಪಿಬಿ, ಸಿ, ಐ, ಡಬ್ಲ್ಯೂ, ಕೆ, ಟಿಎಚ್. ಮೊದಲಕ್ಷರ ದೊಡ್ಡದು, ಎರಡನೆಯದು ಚಿಕ್ಕದು, ನಡುವೆ ಅಡ್ಡಗೆರೆ. (ಇದೇ ಸಾಲನ್ನು ಎತ್ತಿ ಹಾಕಿಕೊಳ್ಳಬೇಡಿ, ಪೇಪರಿನಲ್ಲಿ ಬಂದದ್ದು ಇದು.) ಅಂಕಿ ಕಡ್ಡಾಯ ಅಂದರೆ ಕೊನೆಯ ಧಾತುವಿನ ಪರಮಾಣು ಸಂಖ್ಯೆ ಸೇರಿಸಿ. ಎಲ್ಲದಕ್ಕೂ ಸಂಖ್ಯೆ ಅಂಟಿಸಿದರೆ ಇನ್ನೂ ಗಟ್ಟಿ ಅಂತ ಹೇಳುವವರಿದ್ದಾರೆ. ಸುಮ್ನೆ ಟೈಪ್ ಮಾಡುವ ಕಷ್ಟ. ನಿಮ್ಮ ವಿಧಾನ ತಿಳಿದವನಿಗೆ ಕಬ್ಬಿಣ ಅಂದಮೇಲೆ 26 ಅಂತ ಬೇರೆ ಊಹಿಸಬೇಕಾಗಿಲ್ಲ.

ಹೀಗೆ ಮಾಡಿದ್ದನ್ನು ಎಲ್ಲ ಕಡೆ ಹಾಕಬೇಡಿ. ಇಮೇಲ್‌ಗೆ ಒಂದು, ಬಿಟ್‌ವಾರ್ಡನ್ ಅಥವಾ ಕೀಪಾಸ್ ಥರದ ಪಾಸ್‌ವರ್ಡ್ ಮ್ಯಾನೇಜರ್‌ಗೆ ಇನ್ನೊಂದು. ಉಳಿದದ್ದನ್ನು ಮ್ಯಾನೇಜರೇ ಹುಟ್ಟಿಸಿ ನೋಡಿಕೊಳ್ಳುತ್ತದೆ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ 'ಪಾಸ್‌ವರ್ಡ್' ಅಂತ ಅಚ್ಚು ಹಾಕಿದ ಡೈರಿ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ಕಲಿಯುವ ತನಕ ಪರ್ಸ್‌ನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ, ಅದರಲ್ಲಿ ನಂಬರ್ ಮಾತ್ರ ಇರಲಿ. ಬಾಯಿಪಾಠ ಆದಮೇಲೆ ಹರಿದು ಹಾಕಿ.

ಆರಂಕಿಯ ಯುಪಿಐ ಪಿನ್‌ಗೆ ಇದೇ ಡಬ್ಬಿಯಿಂದ ಮೂರು ನಂಬರ್ ಸಾಕು, ಒಂದಂಕಿ ಬಂದರೆ ಮುಂದೆ ಸೊನ್ನೆ ಹಾಕಿ. ನಾಲ್ಕಂಕಿಯದಾದರೆ ಎರಡು.