ಚಳಿಯಲ್ಲಿ ಸೈಕಲ್ ತುಳಿಯುವವರಿಗೆ: ಗ್ಲೌಸ್ ಕೊಳ್ಳುವ ಮುನ್ನ

ಗ್ಲೌಸ್ ದಪ್ಪ ಇದ್ದಷ್ಟೂ ಬೆಚ್ಚಗಿರುತ್ತದೆ ಅಂದುಕೊಳ್ಳಬೇಡಿ. ಸೈಕಲ್ ಮೇಲೆ ಕೈಯನ್ನು ಮರಗಟ್ಟಿಸುವುದು ಮುಖ್ಯವಾಗಿ ಗಾಳಿ. ಉಷ್ಣಾಂಶ 5 ಡಿಗ್ರಿ ಇದ್ದರೂ ಗಂಟೆಗೆ 25 ಕಿ.ಮೀ. ವೇಗದ ಗಾಳಿ ಮುಖಕ್ಕೆ ಹೊಡೆದರೆ ಚರ್ಮಕ್ಕೆ ಹೆಚ್ಚುಕಮ್ಮಿ ಸೊನ್ನೆ ಡಿಗ್ರಿಯ ಅನುಭವ. ಹಾಗಾಗಿ ಕೈಯ ಹಿಂಭಾಗದಲ್ಲಿ ಗಾಳಿ ತಡೆಯುವ ಬಟ್ಟೆ ಇದೆಯೇ ಅಂತ ಮೊದಲು ನೋಡಿ.

ಆಮೇಲೆ ಅಳತೆ. ನನ್ನ ಪ್ರಕಾರ ಹೆಚ್ಚಿನವರು ಎಡವುವುದು ಇಲ್ಲೇ. ಗ್ಲೌಸ್ ಹಾಕಿ ಬೆರಳು ನೀಟಾಗಿ ಚಾಚಿ ನೋಡಿದರೆ ಸಾಲದು, ಹ್ಯಾಂಡಲ್ ಹಿಡಿದಂತೆ ಮುಷ್ಟಿ ಕಟ್ಟಿ. ಆಗ ಬೆರಳ ತುದಿ ಬಟ್ಟೆಗೆ ಒತ್ತಿಕೊಂಡರೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಬಿಗಿಯಾದರೆ ಒಳಗಿನ ಪದರ ಚಪ್ಪಟೆಯಾಗಿ ಬೆಚ್ಚಗಿನ ಗಾಳಿಗೆ ಜಾಗವಿರುವುದಿಲ್ಲ, ರಕ್ತಸಂಚಾರವೂ ಕುಗ್ಗುತ್ತದೆ. ಹಾಗಂತ ತೀರಾ ದೊಗಳೆಯಾದರೆ ಬ್ರೇಕ್ ಹಿಡಿತ ತಪ್ಪುತ್ತದೆ, ಅದು ಅಪಾಯ. ಒಂದೇ ಬೆರಳಲ್ಲಿ ಬ್ರೇಕ್ ಎಳೆದು, ಗೇರ್ ಬದಲಿಸಿ ನೋಡಿಯೇ ನಿರ್ಧರಿಸಿ.

ಕಫ್ (ಮಣಿಕಟ್ಟಿನ ಮೇಲೆ ಬರುವ ಪಟ್ಟಿ) ಉದ್ದವಿರಲಿ, ಮಣಿಕಟ್ಟು ತೆರೆದಿರಬಾರದು. ಪೂರ್ತಿ ವಾಟರ್‌ಪ್ರೂಫ್ ಬೇಕಾಗುವುದು ಮಳೆಗೆ ಮಾತ್ರ. ಒಣ ಚಳಿಯಲ್ಲಿ ಅದರೊಳಗೆ ಬೆವರು ನಿಂತು ಕೈ ಇನ್ನಷ್ಟು ತಣ್ಣಗಾಗುತ್ತದೆ. ಜಾಗವಿದ್ದರೆ ಒಳಗೆ ತೆಳು ಮೆರಿನೊ ಉಣ್ಣೆಯ ಲೈನರ್ ಹಾಕಿ, ಒದ್ದೆಯಾದರೂ ಅದು ಸ್ವಲ್ಪ ಬೆಚ್ಚಗಿಡುತ್ತದೆ.

ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೆ ಎರಡೆರಡು ಬೆರಳು ಜೊತೆಗಿರುವ ಲಾಬ್‌ಸ್ಟರ್ ಗ್ಲೌಸ್ ಅಥವಾ ಹ್ಯಾಂಡಲ್‌ಗೇ ಕಟ್ಟಿ, ಒಳಗೆ ಕೈ ತೂರಿಸುವ ಚೀಲದಂಥ ಬಾರ್ ಮಿಟ್ಸ್ ನೋಡಿ. ಹೊರಡುವ ಮೊದಲೇ, ಕೈ ಬೆಚ್ಚಗಿರುವಾಗಲೇ ಗ್ಲೌಸ್ ಹಾಕಿಕೊಳ್ಳಿ.