ನಾಚಿಕೆ ಮುಳ್ಳಿಗೆ ನೀರು ಹಾಕಿ ಗೆದ್ದೆ

ಈ ಮಳೆಗಾಲದಲ್ಲಿ ನಮ್ಮ ಹಿತ್ತಲಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡಿದರು. 2018ರಲ್ಲಿ ಅಲ್ಲಿ ಚಪ್ಪಲಿ ಹಾಕಿಕೊಂಡರೂ ಕಾಲಿಡಲು ಆಗುತ್ತಿರಲಿಲ್ಲ. ಬಾವಿಕಟ್ಟೆಯಿಂದ ಕೊಟ್ಟಿಗೆ ತನಕ ಎರಡೂವರೆ ಗುಂಟೆ ಪೂರ್ತಿ ನಾಚಿಕೆ ಮುಳ್ಳು. ದನದ ಕೆಚ್ಚಲಿಗೆಲ್ಲ ಗೀರು. ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆಯವರಿಗೆ ಈ ಮುಟ್ಟಿದರೆ ಮುನಿಯ ಕಾಟ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಆಳು ಹಿಡಿದು ಕತ್ತಿಯಲ್ಲಿ ಸವರಿಸಿದೆ. ತಿಂಗಳೊಳಗೆ ಒಂದು ಬುಡಕ್ಕೆ ನಾಲ್ಕು ಬಳ್ಳಿ ಬಂತು, ಅದೂ ನೆಲಕ್ಕೆ ಅಂಟಿಕೊಂಡು. ಮಾರನೇ ಸಲ ಕಳೆ ಹೊಡೆಯುವ ಮಿಷನ್ ತರಿಸಿದೆ. ಆಗ ದೀಪಾವಳಿ ಕಳೆದಿತ್ತು, ಕಾಯಿ ಒಣಗಿ ನಿಂತಿತ್ತು. ಮಿಷನ್ ಆ ಬೀಜವನ್ನೆಲ್ಲ ಅಂಗಳದ ತನಕ ಚೆಲ್ಲಿತು. ಆಮೇಲೆ ಔಷಧ ಹೊಡೆದೆ. ಎಲೆ ಸುಟ್ಟಿತು, ಬೇರು ಸಾಯಲಿಲ್ಲ. ಗಾಳಿಗೆ ಹಾರಿ ಬಸಳೆ ಚಪ್ಪರ ಮಾತ್ರ ಸತ್ತುಹೋಯಿತು. ಅಮ್ಮ ನೆಟ್ಟಿದ್ದ ಬಸಳೆ ಅದು, ಈಗಲೂ ಬೇಜಾರಿದೆ. ಎಲ್ಲ ಸೇರಿ ಎರಡು ವರ್ಷದಲ್ಲಿ ಒಂಬತ್ತು ಹತ್ತು ಸಾವಿರ ಹೋಯಿತು.

ಸಿಟ್ಟು ಬಂದು 2020ರ ಮಾರ್ಚ್‌ನಲ್ಲಿ ದರಕು (ಒಣಗಿದ ಎಲೆ) ಹರಡಿ ಬೆಂಕಿ ಕೊಟ್ಟೆ. ಭರಣಿ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ಭತ್ತದ ಅಗೆ ಎದ್ದ ಹಾಗೆ ಸಸಿ ಎದ್ದಿತು. ಸುಟ್ಟ ಜಾಗದಲ್ಲೇ ಜಾಸ್ತಿ! ಪಕ್ಕದ ಸುಡದ ಜಾಗದಲ್ಲಿ ಅಲ್ಲೊಂದು ಇಲ್ಲೊಂದು.

ಇದನ್ನು ನೋಡಿದ ಮೇಲೆ ನನ್ನ ಯೋಚನೆ ತಿರುಗಿತು. ಎರಡು ಲೋಟದಲ್ಲಿ ಇಪ್ಪತ್ತಿಪ್ಪತ್ತು ಬೀಜ ಹಾಕಿದೆ. ಒಂದಕ್ಕೆ ಬಚ್ಚಲ ಹಂಡೆಯ ಬಿಸಿನೀರು, ಇನ್ನೊಂದಕ್ಕೆ ಬಾವಿ ನೀರು. ರಾತ್ರಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಇಟ್ಟೆ. ಬಿಸಿನೀರಿನದ್ದು ಹದಿನೈದರ ಮೇಲೆ ಮೊಳೆಯಿತು, ತಣ್ಣೀರಿನದ್ದು ಮೂರೋ ನಾಲ್ಕೋ. ಬೀಜದ ಸಿಪ್ಪೆ ಅಷ್ಟು ಗಟ್ಟಿ. ಸುಮ್ಮನೆ ಬಿಟ್ಟರೆ ವರ್ಷಗಟ್ಟಲೆ ಮಣ್ಣಲ್ಲಿ ಕೂತು ಒಂದೊಂದಾಗಿ ಏಳುತ್ತದೆ. ಹಾಗಾದರೆ ಎಲ್ಲವನ್ನೂ ಒಟ್ಟಿಗೆ ಎಬ್ಬಿಸಿ ಎಳೆಯದಾಗಿರುವಾಗಲೇ ಹೆರೆದರೆ ಆಯಿತಲ್ವಾ?

ಆ ಮಳೆಗಾಲ ಮಣ್ಣು ಮೆತ್ತಗಾದಾಗ ಹಳೇ ಬುಡಗಳನ್ನೆಲ್ಲ ಹಾರೆಯಿಂದ ಮೀಟಿ ಕಿತ್ತೆ. ಚೌತಿಯೊಳಗೆ ಮುಗಿಸಿದೆ, ಆಮೇಲೆ ಕಾಯಿ ಬಲಿಯುತ್ತದೆ. ಬೇರು ಕೀಳುವಾಗ ಗಂಧಕದ ಹಾಗೆ ಕೆಟ್ಟ ವಾಸನೆ ಬರುತ್ತದೆ, ಗಮನಿಸಿದ್ದೀರಾ? ಬೇರಿನ ತುಂಬ ಅಲಸಂದೆಗೆ ಇರುವಂಥದ್ದೇ ಸಣ್ಣ ಗಂಟು. ಅದನ್ನು ಬಾಳೆ ಬುಡಕ್ಕೆ ಹಾಕಿದೆ. ಬಾಳೆ ಚೆನ್ನಾಗೇ ಬಂತು, ಇದರಿಂದಲೇ ಅನ್ನಲಾರೆ.

ಫೆಬ್ರುವರಿಯಲ್ಲಿ ಖಾಲಿ ನೆಲದ ಮೇಲೆ ತೆಳ್ಳಗೆ ದರಕು ಸುಟ್ಟು, ಹತ್ತು ದಿನ ಬಿಡದೆ ನೀರು ಹಾಕಿದೆ. ಮನೆ ಹತ್ತಿರದ ಮಡಿಗಳಿಗೆ ಬೆಂಕಿ ಬೇಡವೆಂದು ಹಂಡೆಯಲ್ಲಿ ಉಳಿದ ಬಿಸಿನೀರು ಸುರಿದೆ. ಪಕ್ಕದ ಮನೆ ಭಾವ ಬೇಲಿ ಆಚೆ ನಿಂತು, "ಅಲ್ಲ ಮಾರಾಯ, ಕಳೆಗೆ ಯಾರಾದ್ರೂ ನೀರು ಹಾಕ್ತಾರಾ?" ಎಂದರು. ಮನೆಯಲ್ಲೂ ಯಾರೂ ನಂಬಲಿಲ್ಲ.

ಮೊದಲು ಎರಡು ದಪ್ಪ ಎಲೆ ಬರುತ್ತದೆ. ನಂತರದ ಗರಿಯಂಥ ಎಲೆ ಮುಟ್ಟಿದರೆ ಮಡಚುತ್ತದೆ. ಅದು ಕಂಡ ವಾರದಲ್ಲೇ ಹೆರೆಯಬೇಕು. ಆಗ ಬೇರು ದಾರದಷ್ಟು, ಮುಳ್ಳಿನ್ನೂ ಮೆತ್ತಗೆ. ಬಿಸಿಲು ಏರಿದ ಮೇಲೆ ಗುದ್ದಲಿಯನ್ನು ಮಲಗಿಸಿ ಅರ್ಧ ಇಂಚು ಮಾತ್ರ ಕೆರೆಯಿರಿ, ಸಂಜೆಗೆ ಒಣಗಿ ಹುಡಿಯಾಗುತ್ತದೆ. ಆಳಕ್ಕೆ ಅಗೆದರೆ ಕೆಳಗಿನ ಬೀಜ ಮೇಲೆ ಬರುತ್ತದೆ. ನಾನು ಒಂದು ಮಡಿಯಲ್ಲಿ ಅಗೆದು ಕೆಟ್ಟೆ, ಅಲ್ಲಿ ಒಂದು ವರ್ಷ ಜಾಸ್ತಿ ಹಿಡಿಯಿತು.

ಮಳೆ ಹಿಡಿಯುವ ತನಕ ಮೂರು ಸಲ ಹೀಗೆ ಮಾಡಿದೆ. ಮೊದಲ ಸಲ ಎರಡು ಬುಟ್ಟಿ ಸಸಿ, ಮೂರನೇ ಸಲ ಅರ್ಧ ಬುಟ್ಟಿಯೂ ಇಲ್ಲ. ಆಮೇಲೆ ಗೇಣು ದಪ್ಪ ಅಡಿಕೆ ಸಿಪ್ಪೆ ಮುಚ್ಚಿ, ನಡುನಡುವೆ ಗೆಣಸಿನ ಬಳ್ಳಿ ಊರಿದೆ. ನೆರಳಾದರೆ ನಾಚಿಕೆ ಮುಳ್ಳು ಸೊರಗುತ್ತದೆ. ಬೇಲಿ ಬುಡಕ್ಕೆ ಇನ್ನೊಂದು ಬೆಳೆ ಹಾಕಿದ್ದೇನೆ. ಅದು ಯಾವುದೆಂದು ಈಗಲೇ ಹೇಳುವುದಿಲ್ಲ, ಇನ್ನೆರಡು ಮಳೆಗಾಲ ನೋಡಬೇಕು. ಕಾಲುದಾರಿಗೆ ಉಪ್ಪು ಹಾಕಿಯೂ ನೋಡಿದೆ. ಮುಳ್ಳು ಹೋಯಿತು, ಜೊತೆಗೆ ಪಕ್ಕದ ನಿಂಬೆ ಗಿಡವೂ ಹೋಯಿತು. ದಯವಿಟ್ಟು ಮಾಡಬೇಡಿ.

ಹೀಗೆ ಸಾಲಾಗಿ ನಾಲ್ಕು ಬೇಸಿಗೆ. ಖರ್ಚು ಅಂದರೆ ಚರ್ಮದ ಕೈಗವಸಿಗೆ ಮುನ್ನೂರು, ಸಿಪ್ಪೆ ಸಾಗಿಸಲು ಎಂಟುನೂರು ಇರಬೇಕು. ಭಾವ ಈಗ ತಮ್ಮ ತೋಟದ ಅಂಚಿಗೂ ನೀರು ಬಿಡುತ್ತಿದ್ದಾರೆ. ಈ ವರ್ಷ ಭರಣಿ ಮಳೆ ಆದ ಮೇಲೆ ಹಿತ್ತಲು ಪೂರ್ತಿ ಸುತ್ತಿ ಎಣಿಸಿದೆ. ಬಾವಿಕಟ್ಟೆ ಹತ್ತಿರ ಏಳು, ಕೊಟ್ಟಿಗೆ ಹಿಂದೆ ಹನ್ನೊಂದು. ಎರಡೇ ಬೆರಳಲ್ಲಿ ಕಿತ್ತು ಹಾಕಿದೆ.