ಬಾಕ್ಸ್ ಬಿಚ್ಚದೆ ಝಟಕಾ ಬಿಡಿಸಿದ್ದು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಆರು ಗೇರಿನ ಆಟೊಮ್ಯಾಟಿಕ್ ಗಾಡಿ. ಎರಡರಿಂದ ಮೂರಕ್ಕೆ ಬೀಳುವಾಗ ಹಿಂದಿನಿಂದ ಗುದ್ದಿದ ಹಾಗೆ ಝಟಕಾ. ಬೇರೆ ಗ್ಯಾರೇಜಿನಲ್ಲಿ ಒಬ್ಬರು ಎಣ್ಣೆಯ ಒತ್ತಡ ಹಂಚುವ ವಾಲ್ವ್ ಬಾಡಿ ಕೆಟ್ಟಿದೆ ಅಂದಿದ್ದರು, ಇನ್ನೊಬ್ಬರು ಇಡೀ ಗೇರ್ ಬಾಕ್ಸೇ ಬದಲಿಸಬೇಕು, ಒಂದೂವರೆ ಲಕ್ಷದ ಆಸುಪಾಸು ಅಂದಿದ್ದರು.

ಗೇರ್ ಬಾಕ್ಸಿನ ಎಣ್ಣೆ ಇಳಿಸುವ ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ ಒರೆಸಿ ನೋಡಿದೆ. ಕಾಡಿಗೆಯಂಥ ನುಣುಪಾದ ಬೂದು ಮೆತ್ತು. ಉಗುರಿಗೆ ತಾಗುವ ಚೂರು ಒಂದೂ ಇಲ್ಲ, ಅಂದರೆ ಮಾಮೂಲಿ ಸವೆತ, ಒಳಗೆ ಏನೂ ಮುರಿದ ಹಾಗಿಲ್ಲ. ಎಣ್ಣೆ ಕಪ್ಪಾಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. "ಬಿಚ್ಚೂದು ಬ್ಯಾಡ್ರಿ ಸಾವಕಾರ್ರ, ಎಣ್ಣಿ ಬದಲಿ ಮಾಡಿ ಮತ್ತ ಕಲಿಸೂಣು" ಅಂದೆ. ಹುಬ್ಬಳ್ಳಿ ಗೋಕುಲ ರೋಡಿನ ಮೆಕ್ಯಾನಿಕ್ ಗೆಳೆಯರೆಲ್ಲ ನಕ್ಕರು.

ಮೊದಲ ಸಲ ನಾನೇ ಕೆಡಿಸಿದೆ. ಎಲ್ಲದಕ್ಕೂ ನಡೆಯುತ್ತದೆ ಎನ್ನುವ ಅಗ್ಗದ ಎಣ್ಣೆ ಹಾಕಿ, ಹಳೇ ಅಡಾಪ್ಟೇಶನ್, ಅಂದರೆ ಗಾಡಿಯ ಕಂಪ್ಯೂಟರ್ ಕಲಿತಿಟ್ಟುಕೊಂಡ ಲೆಕ್ಕ, ಹಾಗೇ ಬಿಟ್ಟೆ. ಬಾಕ್ಸಿನೊಳಗಿನ ಕ್ಲಚ್ ಪ್ಲೇಟ್ ಸವೆದಂತೆಲ್ಲ ಕಂಪ್ಯೂಟರ್ ಎಣ್ಣೆಯ ಪ್ರೆಶರ್ ಹೊಂದಿಸಿಕೊಳ್ಳುತ್ತಾ ಬಂದಿರುತ್ತದೆ. ಹೊಸ ಎಣ್ಣೆಗೆ ಆ ಹಳೇ ಲೆಕ್ಕ ಕೂಡಲಿಲ್ಲ. ಝಟಕಾ ಇಮ್ಮಡಿಯಾಯಿತು. ನಾಲ್ಕು ಲೀಟರ್ ಎಣ್ಣೆ, ಎರಡೂವರೆ ಸಾವಿರ, ನನ್ನ ಕಿಸೆಯಿಂದಲೇ.

ಎರಡನೇ ಸಲ ಕಂಪನಿ ಹೇಳಿದ ಎಣ್ಣೆಯನ್ನೇ ತಂದೆ, ಲೀಟರಿಗೆ ಸಾವಿರದ ಮೇಲೆ. ಒಮ್ಮೆ ಇಳಿಸಿದರೆ ಅರ್ಧ ಮಾತ್ರ ಬರುತ್ತದೆ, ಉಳಿದದ್ದು ಹೆಚ್ಚಾಗಿ ಇಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲೇ ನಿಲ್ಲುತ್ತದೆ. ಹಾಗಾಗಿ ನಡುನಡುವೆ ಓಡಿಸಿ ಮೂರು ಸಲ ಬದಲಿಸಿದೆ. ಸ್ಕ್ಯಾನರ್ ಹಚ್ಚಿ ಮೆಮರಿ ಅಳಿಸಿದೆ. ಇಷ್ಟಾದ ಮೇಲೂ ಅವಸರ ಮಾಡಿ, ಎಣ್ಣೆ ಕಾಯುವ ಮೊದಲೇ ಊರೊಳಗೆ ಹೊಸೂರಿನಿಂದ ಉಣಕಲ್ ತನಕ ಸಿಗ್ನಲ್ಲು, ಆಟೊಗಳ ನಡುವೆ ಓಡಿಸಿದೆ. ಗಾಡಿ ತಪ್ಪು ಪಾಠವನ್ನೇ ಕಲಿಯಿತು.

ಮತ್ತೆ ಅಳಿಸಿದೆ. ನಸುಕಿನ ಐದಕ್ಕೆ ಗದಗ ರೋಡು ಹಿಡಿದೆ. ಅಣ್ಣಿಗೇರಿ ತನಕ ಎರೆಹೊಲದ ನಡುವೆ ಸಪಾಟು ರಸ್ತೆ, ಇದಕ್ಕಿಂತ ಒಳ್ಳೆ ಶಾಲೆ ಸಿಗಲಿಕ್ಕಿಲ್ಲ. ಎಣ್ಣೆ ಎಪ್ಪತ್ತು ಡಿಗ್ರಿ ದಾಟಿದ ಮೇಲೆ ಹಗುರ ಕಾಲಿನಲ್ಲಿ, ಇಂಜಿನ್ ಎರಡು ಸಾವಿರ ಮೀರದಂತೆ ಮೇಲಿನ ಗೇರಿನವರೆಗೆ ಹೋಗುವುದು, ಆಮೇಲೆ ಕಾಲು ಬಿಟ್ಟು ತಾನೇ ಇಳಿಯಲು ಬಿಡುವುದು. ಎಂಟು-ಹತ್ತು ಸುತ್ತು. ಬ್ರೇಕ್ ಎಲ್ಲಿ, ಎಷ್ಟು ಸೆಕೆಂಡು ಎನ್ನುವ ಲೆಕ್ಕ ನನ್ನ ಡೈರಿಯಲ್ಲೇ ಇರಲಿ. ಏಳನೇ ಸುತ್ತಿಗೆ ಗೇರ್ ಬದಲಾದದ್ದು ಮೀಟರಿನ ಮುಳ್ಳಿನಲ್ಲಷ್ಟೇ ಕಂಡಿತು, ಸೀಟಿಗೆ ತಿಳಿಯಲಿಲ್ಲ.

"ಹಳೇ ಮಾಲಕನ ಕಾಲು ಕಲತೈತಿ" ಅಂತ ಎಲ್ಲರೂ ಅನ್ನುತ್ತಾರೆ. ಅದನ್ನೂ ಪರೀಕ್ಷೆ ಮಾಡಿದೆ. ನಮ್ಮ ಹುಡುಗನಿಗೆ ಕೊಟ್ಟು ಅರ್ಧ ದಿನ ಒತ್ತಿ ಓಡಿಸಲು ಹೇಳಿದೆ. ಗೇರ್ ತಡವಾಗಿ ಬೀಳತೊಡಗಿತು. ನಾನು ಮೆಲ್ಲಗೆ ಓಡಿಸಿದೆ, ಐದಾರು ಕಿಲೋಮೀಟರಿನಲ್ಲಿ ಮೊದಲಿನಂತಾಯಿತು. ಓಡಿಸುವವನ ಕಾಲನ್ನು ಈ ಗಾಡಿ ಬೇಗ ಮರೆಯುತ್ತದೆ, ಪ್ಲೇಟಿನ ಸವೆತದ ಲೆಕ್ಕವನ್ನು ಮಾತ್ರ ಅಳಿಸುವ ತನಕ ಬಿಡುವುದಿಲ್ಲ. ಅಂಕೋಲಾ ದಾರಿಯ ಅರಬೈಲ್ ಘಾಟಿಗೂ ಒಯ್ದೆ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೆ ತಾನೇ ಗೇರ್ ಇಳಿಸಿತು, ಏರಿನಲ್ಲಿ ಮೂರನ್ನೇ ಹಿಡಿದು ನಿಂತಿತು. ಮೆಮರಿ ಅಳಿಸುವ ಮೊದಲೂ ಅದೇ ನಡತೆ ಇತ್ತು, ಅಂದರೆ ಅದು ಕಲಿತದ್ದಲ್ಲ, ಮೊದಲೇ ಬರೆದಿಟ್ಟದ್ದು.

ಒಟ್ಟು ಖರ್ಚು ಇಪ್ಪತ್ತು ಸಾವಿರದೊಳಗೆ. ಆಮೇಲೆ ಐದು ಗಾಡಿ ಮಾಡಿದೆ, ನಾಲ್ಕು ಸರಿಹೋದವು. ಐದನೆಯದರ ಎಣ್ಣೆ ಸುಟ್ಟ ವಾಸನೆ ಹೊಡೆಯುತ್ತಿತ್ತು, ಆದರೂ ಹಟ ಹಿಡಿದೆ. ಕೊನೆಗೆ ಬಿಚ್ಚಿದರೆ ಪ್ಲೇಟಿನ ಲೈನಿಂಗ್ ಪೂರ್ತಿ ಎದ್ದಿತ್ತು. ಆ ಕೆಲಸಕ್ಕೆ ಕೂಲಿ ತೆಗೆದುಕೊಳ್ಳಲಿಲ್ಲ.